ಫಿಜಿಕ್ಸ್ ಓದಿದವಳಿಗೆ ಗೋಧಿಯ ಗೊಡವೆ ಯಾಕೆ

ಕೇಂಬ್ರಿಡ್ಜ್, ಇಂಗ್ಲೆಂಡ್
17 ನವೆಂಬರ್ 2024, ರವಿವಾರ

ತೀರ್ಥರೂಪರಾದ ಅಪ್ಪನವರ ಮತ್ತು ಅವ್ವನ ಪಾದಗಳಿಗೆ ನಿಮ್ಮ ಮಗಳು ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ. ಸಂಜೆ ನಾಲ್ಕಕ್ಕೇ ಸೂರ್ಯ ಮುಳುಗುವ ದಿನಗಳು ಬಂದಿವೆ ಎಂಬುದನ್ನು ಬಿಟ್ಟರೆ ಇಲ್ಲಿ ದೂರುವಂಥದ್ದೇನೂ ಇಲ್ಲ. ಹಿಂಗಾರಿ ಜೋಳ ಎದ್ದು ನಿಂತಿರುವ ಫೋಟೊ ತಮ್ಮ ಕಳಿಸಿದ್ದ; ನೋಡಿ ಸಮಾಧಾನವಾಯಿತು.

ಕಳೆದ ತಿಂಗಳು ಫೋನಿನಲ್ಲಿ ನೀವು ಕೇಳಿದ ಪ್ರಶ್ನೆಗೆ ನಾನು ನಕ್ಕು ಸುಮ್ಮನಾದದ್ದು ತಪ್ಪಾಯಿತು. ಅಕ್ಟೋಬರ್ 8ರಂದು ಭೌತಶಾಸ್ತ್ರದ ನೊಬೆಲ್ ಬಹುಮಾನ ಜಾನ್ ಹಾಪ್‌ಫೀಲ್ಡ್ ಮತ್ತು ಜೆಫ್ರಿ ಹಿಂಟನ್ ಅವರಿಗೆ, ಅಂದರೆ ಕಂಪ್ಯೂಟರು ತಾನಾಗಿ ಕಲಿಯುವಂತೆ ಮಾಡಿದವರಿಗೆ ಹೋಯಿತು. ಮರುದಿನ ರಸಾಯನಶಾಸ್ತ್ರದ ಬಹುಮಾನ ಕಂಪ್ಯೂಟರಿನಲ್ಲಿ ಹೊಸ ಪ್ರೋಟೀನುಗಳನ್ನು ರೂಪಿಸಿದ ಡೇವಿಡ್ ಬೇಕರ್ ಅವರಿಗೂ, ಪ್ರೋಟೀನುಗಳ ಆಕಾರವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್ ಅವರಿಗೂ ಹೋಯಿತು. ಪೇಪರಿನಲ್ಲಿ ಇದನ್ನು ಓದಿದ ನೀವು, "ಮೂವತ್ತು ವರ್ಷ ವಿಜ್ಞಾನ ಕಲಿಸಿದ ನನಗ ಇದು ತಿಳೀವಲ್ದು. ನೀನೂ ಹಂಗ, ಧಾರವಾಡದಾಗ ಫಿಜಿಕ್ಸ್ ಓದಿದಿ, ಈಗ ಗೋಧಿ ಹಿಂದ ಬಿದ್ದಿ, ದಿನಾ ಕಂಪ್ಯೂಟರ್ ಮುಂದ ಕೂಡ್ತಿ. ನಿಮ್ಮ ಮಗಳು ಯಾವ ಶಾಸ್ತ್ರದಾಕಿ ಅಂತ ಊರಾಗ ಕೇಳಿದ್ರ ಏನ್ ಹೇಳ್ಲಿ?" ಎಂದಿರಿ. ಈ ಪತ್ರ ಅದಕ್ಕೆ ಉತ್ತರ, ಉದ್ದವಾದರೆ ಬೇಸರಿಸಬೇಡಿರಿ.

ನಾನು ಬಿಡುವಿದ್ದಾಗ ಸೈಕಲ್ ಹೊಡೆಯುವ ದಾರಿಯಿಂದಲೇ ಆರಂಭಿಸುತ್ತೇನೆ. ಇಲ್ಲಿಯ ದೊಡ್ಡಾಸ್ಪತ್ರೆಯಿಂದ ಗ್ರೇಟ್ ಶೆಲ್‌ಫರ್ಡ್ ಎಂಬ ಹಳ್ಳಿಯ ಕಡೆಗೆ ಸುಮಾರು ಎರಡು ಕಿಲೋಮೀಟರ್ ಉದ್ದದ ಸೈಕಲ್ ದಾರಿಯಿದೆ. ಅದರ ಮೇಲೆ ನಾಲ್ಕು ಬಣ್ಣಗಳ ಅಡ್ಡಪಟ್ಟಿಗಳನ್ನು ಒಂದರ ಪಕ್ಕ ಒಂದರಂತೆ ಬಳಿದಿದ್ದಾರೆ. ಒಟ್ಟು 10,257 ಪಟ್ಟಿಗಳು. ಅದು ಅಲಂಕಾರವಲ್ಲ. ಕೆಟ್ಟರೆ ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ಬಿಆರ್‌ಸಿಎ2 ಎಂಬ ಒಂದೇ ಒಂದು ಜೀನಿನ ಅಕ್ಷರಗಳವು, ಒಂದು ಅಕ್ಷರಕ್ಕೆ ಒಂದು ಪಟ್ಟಿ. ಮನುಷ್ಯನ ಡಿಎನ್‌ಎ ಅಷ್ಟನ್ನೂ, ಅಂದರೆ ಸುಮಾರು 300 ಕೋಟಿ ಅಕ್ಷರಗಳನ್ನು, ಇದೇ ಅಳತೆಯಲ್ಲಿ ಬಳಿಯುತ್ತ ಹೋದರೆ ದಾರಿ ಚಂದ್ರನನ್ನೂ ದಾಟಿ ಮುಂದೆ ಹೋಗಬೇಕಾಗುತ್ತದೆ. ರೊಟ್ಟಿ ಚಪಾತಿಯ ಗೋಧಿಯದು ಅದರ ಐದು ಪಟ್ಟು, ಸುಮಾರು 1,600 ಕೋಟಿ. ನೀವು ಹುಗ್ಗಿಗೆಂದು ತರಿಸುವ ಕಪ್ಲಿ ಗೋಧಿಗೆ 28 ವರ್ಣತಂತುಗಳಾದರೆ ಈ ಗೋಧಿಗೆ 42. ಇಷ್ಟು ಅಕ್ಷರಗಳಲ್ಲಿ ಬರವನ್ನು ತಡೆದುಕೊಳ್ಳುವ ಗುಣ ಎಲ್ಲೆಲ್ಲಿ ಅಡಗಿದೆ ಎಂದು ಹುಡುಕುವುದು ನನ್ನ ಕೆಲಸ. ಕಣ್ಣಿನಿಂದ ಓದಿ ಮುಗಿಯುವ ಮಾತಲ್ಲವಾದ್ದರಿಂದ ಕಂಪ್ಯೂಟರು ಬೇಕು. ಆದರೆ ಫಿಜಿಕ್ಸ್ ಯಾಕೆ ಬೇಕು ಎಂಬುದೇ ನಿಮ್ಮ ನಿಜವಾದ ಪ್ರಶ್ನೆ.

ಹಾಪ್‌ಫೀಲ್ಡ್ ಮೂಲತಃ ಭೌತಶಾಸ್ತ್ರದವರೇ. 1982ರಲ್ಲಿ ಅವರು ಮಿದುಳಿನ ನೆನಪಿಗೆ ಒಂದು ಗಣಿತವನ್ನು ಕಟ್ಟಿದರು. ಅದರ ಅಡಿಪಾಯ ನೀವು ಏಳನೆಯ ತರಗತಿಯಲ್ಲಿ ಮಾಡಿ ತೋರಿಸುತ್ತಿದ್ದ ಪ್ರಯೋಗವೇ. ಕಾಗದದ ಮೇಲೆ ಕಬ್ಬಿಣದ ಪುಡಿ ಉದುರಿಸಿ, ಕೆಳಗೆ ಅಯಸ್ಕಾಂತ ಹಿಡಿದು, ಕಾಗದದ ಅಂಚನ್ನು ಬೆರಳಿನಿಂದ ಮೆಲ್ಲಗೆ ತಟ್ಟುತ್ತಿದ್ದಿರಿ. ಒಂದೊಂದು ಕಣವೂ ಅಕ್ಕಪಕ್ಕದ ಎಳೆತಕ್ಕೆ ಸಿಕ್ಕು ತಿರುಗಿ, ನೋಡನೋಡುತ್ತ ಇಡೀ ಪುಡಿ ಒಂದು ಚಿತ್ರವಾಗುತ್ತಿತ್ತು. ಹಾಪ್‌ಫೀಲ್ಡರ ಲೆಕ್ಕದಲ್ಲಿ ಒಂದೊಂದು ನರಕೋಶವೂ ಮೇಲಕ್ಕೋ ಕೆಳಕ್ಕೋ ಮುಖ ಮಾಡಿದ ಪುಟ್ಟ ಅಯಸ್ಕಾಂತದಂತೆ. ಅವುಗಳ ನಡುವಿನ ಎಳೆತಗಳನ್ನು ಸರಿಯಾಗಿ ಹೊಂದಿಸಿದರೆ, ಮಸುಕಾದ ಅರ್ಧ ಚಿತ್ರ ಕೊಟ್ಟರೂ ಅದು ತಟ್ಟಿಸಿಕೊಂಡ ಪುಡಿಯಂತೆ ಹೊರಳಿ ಹೊರಳಿ ಪೂರ್ತಿ ಚಿತ್ರಕ್ಕೆ ಬಂದು ನಿಲ್ಲುತ್ತದೆ. ಎರೆ ಹೊಲದಲ್ಲಿ ಎಲ್ಲಿ ಮಳೆ ಬಿದ್ದರೂ ನೀರು ಇಳಿಜಾರು ಹುಡುಕಿ ಕೃಷಿ ಹೊಂಡಕ್ಕೆ ಸೇರುವುದಿಲ್ಲವೇ, ಹಾಗೆ. ಒಂದು ಹೊಂಡವೆಂದರೆ ಒಂದು ನೆನಪು. ಹಿಂಟನ್ ಮುಂದೆ ಕಟ್ಟಿದ ಯಂತ್ರಕ್ಕೆ ಬೋಲ್ಟ್ಸ್‌ಮನ್ ಎಂಬ ಭೌತವಿಜ್ಞಾನಿಯ ಹೆಸರೇ ಇದೆ.

ಇದೇ ಹಾಪ್‌ಫೀಲ್ಡರ 1974ರ ಇನ್ನೊಂದು ಕೆಲಸವನ್ನು ಪೇಪರಿನವರು ಬರೆದಂತಿಲ್ಲ. ನನಗೆ ಅದೇ ಹೆಚ್ಚು ಪ್ರಿಯ. ಅದು ಅವ್ವನಿಗೆ ಅರ್ಥವಾಗುವಷ್ಟು ನಿಮಗೂ ಆಗಲಿಕ್ಕಿಲ್ಲ. ನಮ್ಮ ಹೊಲದಲ್ಲಿ ಹತ್ತಿಯ ಸೀಡ್ ಪ್ಲಾಟ್ ಮಾಡಿದ್ದ ವರ್ಷಗಳಲ್ಲಿ ಅವ್ವ ಕ್ರಾಸಿಂಗ್ ಮಾಡುವಾಗ ನಾನು ಬುಟ್ಟಿ ಹಿಡಿದು ಹಿಂದೆ ಹೋಗುತ್ತಿದ್ದೆ. ಮರುದಿನ ಅರಳಲಿರುವ ಮೊಗ್ಗನ್ನು ಇಳಿಹೊತ್ತಿನಲ್ಲಿ ಹುಡುಕಿ, ಹೆಬ್ಬೆರಳಿನ ಉಗುರಿನಿಂದ ಎಸಳು ಮತ್ತು ಗಂಡು ಕೇಸರಗಳನ್ನು ಒಂದೇ ಸುತ್ತಿನಲ್ಲಿ ಬಿಡಿಸಿ, ನಡುವಿನ ಕಡ್ಡಿಯಷ್ಟನ್ನೇ ಉಳಿಸಿ, ಕೆಂಪು ಚೀಟಿ ಸಿಕ್ಕಿಸುತ್ತಿದ್ದಳು. ಬೆಳಿಗ್ಗೆ ಗಂಡು ಹೂ ತಂದು ಒರೆಸುವ ಮೊದಲು ಮತ್ತೊಮ್ಮೆ ಪ್ರತಿಯೊಂದನ್ನೂ ಕಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದಳು. ಒಂದೇ ಒಂದು ಕೇಸರ ಉಳಿದಿದ್ದರೂ ಆ ಹೂವನ್ನು ಕಿತ್ತು ಎಸೆಯುತ್ತಿದ್ದಳು. ಕೂಲಿಗೆ ಬಂದವರು, "ಅಕ್ಕಾರ, ಎರಡೆರಡು ಸಲ ಯಾಕ ನೋಡ್ತೀರಿ?" ಎಂದು ಗೊಣಗುತ್ತಿದ್ದರು. ಜೀವಕೋಶವೂ ಎರಡೆರಡು ಸಲ ನೋಡುತ್ತದೆ ಎಂಬುದೇ ಹಾಪ್‌ಫೀಲ್ಡ್ ಹೇಳಿದ್ದು. ಡಿಎನ್‌ಎ ನಕಲು ಮಾಡುವಾಗ, ಪ್ರೋಟೀನು ಕಟ್ಟುವಾಗ, ಸರಿಯಾದ ತುಂಡಿಗೂ ತಪ್ಪು ತುಂಡಿಗೂ ಇರುವ ಶಕ್ತಿಯ ವ್ಯತ್ಯಾಸ ತೀರಾ ಸಣ್ಣದು. ಒಂದೇ ಸಲ ನೋಡಿದರೆ ನೂರಕ್ಕೊಂದು ತಪ್ಪು ನುಸುಳಬಹುದು. ಕೋಶ ಇನ್ನಷ್ಟು ಶಕ್ತಿ ಖರ್ಚು ಮಾಡಿ ಅದನ್ನೇ ಎರಡನೆಯ ಸಲ ಪರೀಕ್ಷಿಸಿದರೆ ಹತ್ತು ಸಾವಿರಕ್ಕೊಂದು. ಅವ್ವನ ಕೆಲಸದಂತೆ ಇಲ್ಲಿಯೂ ಎರಡನೆಯ ನೋಟ ಬಿಟ್ಟಿ ಬರುವುದಿಲ್ಲ. ಧಾರವಾಡದಲ್ಲಿ 1972ರಲ್ಲಿ ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ವರಲಕ್ಷ್ಮಿ ತಳಿಯನ್ನು ತಂದ ಮೇಲೆ ನಮ್ಮ ಸೀಮೆಯ ಎಷ್ಟೋ ಹೆಣ್ಣುಮಕ್ಕಳು ಈ ಕೆಲಸ ಕಲಿತರು; ಅದನ್ನು ಯಾರೂ ಜೆನೆಟಿಕ್ಸ್ ಎಂದು ಕರೆಯಲಿಲ್ಲ ಅಷ್ಟೆ.

ಇನ್ನು ಪ್ರೋಟೀನಿನ ಬಹುಮಾನದ ಮಾತು. ಪ್ರೋಟೀನು ಎಂಬುದು ಮಣಿಸರದಂಥ ಉದ್ದನೆಯ ಎಳೆ. ಅದು ಮಡಚಿಕೊಂಡು ಒಂದು ಆಕಾರಕ್ಕೆ ಬಂದಾಗಲೇ ಕೆಲಸ ಮಾಡುತ್ತದೆ. ಇದೇ ಊರಿನಲ್ಲಿ ಮ್ಯಾಕ್ಸ್ ಪೆರುಟ್ಜ್ ಹಿಮೋಗ್ಲೋಬಿನ್ನಿನ ಹಿಂದೆ 1937ರಲ್ಲಿ ಬಿದ್ದವರು, ಎಕ್ಸ್-ರೇ ಹಾಯಿಸಿ ಹಾಯಿಸಿ ಅದರ ಆಕಾರ ಕಾಣುವಷ್ಟರಲ್ಲಿ 1959 ಬಂದಿತ್ತು. ಈಗ ಅಂಥ ಒಂದು ಆಕಾರವನ್ನು ಹಸಾಬಿಸ್ ಮತ್ತು ಜಂಪರ್ ಅವರ ಆಲ್ಫಾಫೋಲ್ಡ್ ಎಂಬ ಪ್ರೋಗ್ರಾಮು ಕೆಲವೇ ನಿಮಿಷಗಳಲ್ಲಿ ಊಹಿಸಿ ಕೊಡುತ್ತದೆ. 2022ರ ಹೊತ್ತಿಗೆ ಇಪ್ಪತ್ತು ಕೋಟಿಗೂ ಹೆಚ್ಚು ಪ್ರೋಟೀನುಗಳ ಊಹೆಯನ್ನು ಎಲ್ಲರಿಗೂ ತೆರೆದಿಟ್ಟರು. ಇದರ ಹಿಂದೆಯೂ ಅಯಸ್ಕಾಂತದ ಗಣಿತದ ಒಂದು ಹೆಜ್ಜೆಯಿದೆ. ಬೇರೆ ಬೇರೆ ಜೀವಿಗಳಲ್ಲಿ ಒಂದೇ ಪ್ರೋಟೀನನ್ನು ಹೋಲಿಸಿದಾಗ ಇಪ್ಪತ್ತನೆಯ ಮಣಿ ಬದಲಾದಾಗಲೆಲ್ಲ ಎಂಬತ್ತನೆಯದೂ ಬದಲಾಗಿದ್ದರೆ, ಮಡಚಿದಾಗ ಅವೆರಡೂ ಒತ್ತಿನಲ್ಲಿ ಬರುತ್ತವೆ ಎಂದು ಊಹಿಸಬಹುದು. ಆದರೆ ನಮ್ಮ ಓಣಿಯಲ್ಲಿ ಇಬ್ಬರು ಒಂದೇ ದಿನ ಬಿತ್ತಿದರೆಂದ ಮಾತ್ರಕ್ಕೆ ಅವರು ಮಾತಾಡಿಕೊಂಡು ಬಿತ್ತಿದರು ಎನ್ನಲಾಗದು. ಇಬ್ಬರೂ ಮೂರನೆಯವನ ಕೂರಿಗೆಯನ್ನು ಬಾಡಿಗೆಗೆ ಹಿಡಿದಿರಬಹುದು. ನೇರ ಸಂಬಂಧ ಯಾವುದು, ಬಳಸು ಸಂಬಂಧ ಯಾವುದು ಎಂದು ಬೇರ್ಪಡಿಸಲು ಹದಿನೈದು ವರ್ಷಗಳ ಕೆಳಗೆ ಭೌತಶಾಸ್ತ್ರದವರು ತಮ್ಮ ಅಯಸ್ಕಾಂತದ ಲೆಕ್ಕವನ್ನೇ ತಿರುವಿ ಬಳಸಿದರು. ಜಂಪರ್ ಕೂಡ ಇದೇ ಕೇಂಬ್ರಿಡ್ಜಿನಲ್ಲಿ ಭೌತಶಾಸ್ತ್ರ ಓದಿದವರು.

ಒಂದು ಅಸಮಾಧಾನವನ್ನೂ ಹೇಳಿಬಿಡುತ್ತೇನೆ. ಆಲ್ಫಾಫೋಲ್ಡ್ ಕಲಿತದ್ದು ಐವತ್ತು ವರ್ಷ ಸಾವಿರಾರು ಜನ ಪ್ರಯೋಗಶಾಲೆಯಲ್ಲಿ ಒಂದೊಂದಾಗಿ ಕಂಡುಹಿಡಿದು ಕೂಡಿಟ್ಟ ಒಂದೂವರೆ ಲಕ್ಷಕ್ಕೂ ಮಿಕ್ಕ ಆಕಾರಗಳಿಂದ. ಆ ಆಕಾರಗಳಲ್ಲಿ ತಪ್ಪಿದೆಯೇ ಎಂದು ನೋಡಲು ಇಂದಿಗೂ ಬಳಸುವುದು ರಾಮನ್ ಅವರ ಶಿಷ್ಯ ಜಿ. ಎನ್. ರಾಮಚಂದ್ರನ್ ಮದ್ರಾಸಿನಲ್ಲಿ 1963ರಲ್ಲಿ ಹಾಕಿಕೊಟ್ಟ ನಕ್ಷೆಯನ್ನು. ಕಣಜ ತುಂಬಿದವರನ್ನು ಬಿಟ್ಟು ಅಳೆದವರಿಗಷ್ಟೇ ಹಾರ ಹಾಕಿದಂತಾಯಿತು ಎಂದು ನನಗನ್ನಿಸುತ್ತದೆ. ಮೇಲಾಗಿ ಯಂತ್ರ ಉತ್ತರ ಹೇಳುತ್ತದೆಯೇ ಹೊರತು ಕಾರಣ ಹೇಳುವುದಿಲ್ಲ. ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಒಂದೇ ವಾಕ್ಯ ಕಾರ್ಣಿಕ ನುಡಿದು ಕೆಳಗೆ ಬೀಳುತ್ತಾನೆ. ಮಳೆಗೋ ಬೆಳೆಗೋ ರಾಜಕಾರಣಕ್ಕೋ ಎಂದು ಅರ್ಥ ಹಚ್ಚುವ ಪಾಡು ನೆರೆದವರದು. ನನ್ನ ಕಂಪ್ಯೂಟರಿನ ಕಾರ್ಣಿಕಕ್ಕೆ ಅರ್ಥ ಹಚ್ಚುವ ಪಾಡು ನನ್ನದು, ಮತ್ತು ಅದರಲ್ಲಿ ನಾನು ಈ ವರ್ಷ ಚೆನ್ನಾಗಿಯೇ ಮೋಸ ಹೋದೆ.

ಇದನ್ನು ಫೋನಿನಲ್ಲಿ ಹೇಳಿರಲಿಲ್ಲ. ನಾಲ್ಕು ನೂರು ಬಗೆಯ ಗೋಧಿಯ ಡಿಎನ್‌ಎ ಕೊಟ್ಟು, ಯಾವುದು ನೀರಿಲ್ಲದೆ ತಡೆಯುತ್ತದೆ, ಯಾವುದು ಬಾಡುತ್ತದೆ ಎಂದು ಕಂಪ್ಯೂಟರಿಗೆ ಕಲಿಸಿದ್ದೆ. ಬೇಸಿಗೆಯ ಹೊತ್ತಿಗೆ ಅದು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸರಿ ಹೇಳತೊಡಗಿತು. ಲ್ಯಾಬಿನಲ್ಲಿ ಎಲ್ಲರೂ ಬೆನ್ನು ತಟ್ಟಿದರು. ನನಗೇ ಒಳಗೊಳಗೆ ಅಷ್ಟು ಚೆನ್ನಾಗಿರುವುದು ಸರಿಯಲ್ಲ ಎನ್ನಿಸುತ್ತಿತ್ತು. ಒಂದು ದಿನ, ಡಿಎನ್‌ಎ ಓದುವ ಎರಡು ಬೇರೆ ಯಂತ್ರಗಳಲ್ಲಿ ಎರಡು ಸಲ ಓದಿಸಿದ್ದ ಒಂದೇ ಗಿಡದ ಸ್ಯಾಂಪಲ್ಲನ್ನು ಕೊಟ್ಟು ನೋಡಿದೆ. ಒಂದಕ್ಕೆ "ತಡೆಯುತ್ತದೆ" ಎಂದಿತು, ಇನ್ನೊಂದಕ್ಕೆ "ಬಾಡುತ್ತದೆ" ಎಂದಿತು. ಗಿಡ ಅದೇ, ಉತ್ತರ ಬೇರೆ! ಬರ ತಡೆಯುವ ಬಗೆಗಳಲ್ಲಿ ಬಹುಪಾಲನ್ನು ಒಂದು ವರ್ಷ ಹೊಸ ಯಂತ್ರದಲ್ಲಿಯೂ ಬಾಡುವ ಬಗೆಗಳಲ್ಲಿ ಬಹುಪಾಲನ್ನು ಹಿಂದಿನ ವರ್ಷ ಹಳೆಯದರಲ್ಲಿಯೂ ಓದಿಸಿದ್ದರು. ಪ್ರತಿ ಯಂತ್ರಕ್ಕೂ ಅದರದೇ ಆದ ಸಣ್ಣಪುಟ್ಟ ತಪ್ಪುಗಳ ಚಾಳಿ ಇರುತ್ತದೆ. ನನ್ನ ಪ್ರೋಗ್ರಾಮು ಗೋಧಿಯನ್ನು ಓದಿಯೇ ಇರಲಿಲ್ಲ, ಯಂತ್ರದ ಚಾಳಿಯನ್ನು ಗುರುತಿಸಿತ್ತು. ಗಿಡ ಕಾಣದೆ ಚೀಟಿಯ ಬಣ್ಣವನ್ನಷ್ಟೇ ನೋಡಿ ಒರೆಸಿಕೊಂಡು ಹೋಗುವ ಕೂಲಿಯಂತೆ. ನಾಲ್ಕು ತಿಂಗಳ ಕೆಲಸ ನೀರಿನಲ್ಲಿ ಹೋಯಿತು. ಯಂತ್ರದ ಪ್ರಭಾವವನ್ನು ತೆಗೆದು ಮತ್ತೆ ಕಲಿಸಿದಾಗ ಸರಿಯುತ್ತರ ನೂರಕ್ಕೆ ಅರವತ್ತರ ಆಸುಪಾಸಿಗೆ ಇಳಿದಿದೆ. ಮಾರ್ಗದರ್ಶಕಿಯವರಿಗೆ ಹೇಳುವಾಗ ಕಾಲು ನಡುಗಿದವು. ಅವರು ಬೈಯಲಿಲ್ಲ, ಈ ಅರವತ್ತನ್ನು ತಾನು ನಂಬುತ್ತೇನೆ ಎಂದರು.

ಊರಿನವರಿಗೆ ಏನು ಹೇಳುವುದೆಂದರೆ: ಹೊಳೆಯ ಆಚೆಯ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರ ಹೆಸರನ್ನು ಹೇಳಿರಿ. ಭೌತಶಾಸ್ತ್ರ ಓದಿ ಸಂಖ್ಯಾಶಾಸ್ತ್ರಕ್ಕೆ ಬಂದ ಮಹಾಲನೋಬಿಸ್ ಅವರು ಕಲಕತ್ತೆಯಿಂದ 1946ರಲ್ಲಿ ಅವರನ್ನು ಇಲ್ಲಿಗೆ ಕಳಿಸಿದರು. ಅವರು ಹಗಲು ಮ್ಯೂಸಿಯಮ್ಮಿನಲ್ಲಿ ಸುಡಾನಿನ ಪುರಾತನ ಅಸ್ಥಿಗಳನ್ನು ಅಳೆದರು. ರೊನಾಲ್ಡ್ ಫಿಶರ್ ಅವರ ಜೆನೆಟಿಕ್ಸ್ ಲ್ಯಾಬಿನಲ್ಲಿ ಇಲಿಗಳ ತಳಿ ಮಾಡಿ ಜೀನುಗಳ ಜಾಗ ಗುರುತಿಸಿದರು. ಅದಕ್ಕೂ ಮೊದಲೇ, 1945ರಲ್ಲಿ, ಕೈಯಲ್ಲಿರುವ ಮಾಹಿತಿಯಿಂದ ಎಷ್ಟು ನಿಖರವಾಗಿ ಊಹಿಸಬಹುದು ಎಂಬುದಕ್ಕೆ ದಾಟಲಾಗದ ಒಂದು ಮಿತಿ ಇದೆ ಎಂದು ತೋರಿಸಿದ್ದರು. ಕಳೆದ ವರ್ಷವಷ್ಟೇ, 102ರ ವಯಸ್ಸಿನಲ್ಲಿ ತೀರಿಕೊಂಡರು. ಅವರನ್ನು ಯಾವ ಶಾಸ್ತ್ರದವರು ಎಂದು ಯಾರೂ ಕೇಳಿದಂತಿಲ್ಲ. "ಹಡಗಲಿ ರಾವ್ ಅವರು ಹಿಡಿದ ಹಾದಿಯೊಳಗ ಅದಾಳ" ಎಂದುಬಿಡಿರಿ.

ಕೊನೆಗೆ ಒಂದು ಕೆಲಸ ಹೇಳುತ್ತೇನೆ. ನೀವು ಇಷ್ಟು ವರ್ಷ ಬರೆದಿಟ್ಟ ಮಳೆಯ ವಹಿಯ ಪುಟಗಳನ್ನೆಲ್ಲ ತಮ್ಮನ ಕೈಯಿಂದ ಫೋಟೊ ತೆಗೆಸಿ ಕಳಿಸಿರಿ. ನಮ್ಮ ಹೊಲದ ಜೋಳದ ಇಳುವರಿಯ ಜೊತೆ ಇಟ್ಟು ನೋಡುವ ಆಸೆಯಿದೆ. ಆದರೆ ಮಳೆಮಾಪಕವನ್ನು ಶಾಲೆಯ ಅಂಗಳದಿಂದ ನಮ್ಮ ಹಿತ್ತಲಿಗೆ ತಂದು ಬೇವಿನ ಮರದ ಹತ್ತಿರ ಇಟ್ಟ ದಿನ ಯಾವುದು, ಆಗ ಮರ ಎಷ್ಟೆತ್ತರವಿತ್ತು, ನಿಮಗೆ ಜ್ವರ ಬಂದ ವರ್ಷ ಅಳತೆ ಬರೆದವರು ಯಾರು ಎಂಬುದನ್ನು ಬೇರೆ ಹಾಳೆಯಲ್ಲಿ ಬರೆದುಕೊಡಿರಿ. ಅದಿಲ್ಲದಿದ್ದರೆ ಆ ವರ್ಷ ಮಳೆ ಕಡಿಮೆಯಾಯಿತೋ ಬೇವಿನ ನೆರಳು ಹೆಚ್ಚಾಯಿತೋ ನನಗೆ ತಿಳಿಯುವುದಿಲ್ಲ. ತಾರೀಖು ನಿಮಗೆ ನೆನಪಾಗದಿದ್ದರೆ ಅವ್ವನನ್ನು ಕೇಳಿರಿ. ಅದೇ ವಾರ ಮನೆಗೆ ಬಣ್ಣ ಹೊಡೆಸಿದ್ದೆವು, ಆಕೆಗೆ ಗೊತ್ತಿರುತ್ತದೆ.

ಇಂತಿ ನಿಮ್ಮ ಪ್ರೀತಿಯ ಮಗಳು