ಜಿಲ್ಲಾ ವೈದ್ಯಾಧಿಕಾರಿಗಳಿಗೆ ಬಹಿರಂಗ ಪತ್ರ: ಐದು ಎಂಎಲ್ ಅಂದರೆ ಎಷ್ಟು?

ಕಾಸರಗೋಡು ಜಿಲ್ಲಾ ವೈದ್ಯಾಧಿಕಾರಿಗಳಿಗೆ ನಮಸ್ಕಾರ.

ನಾನು ಪೆರ್ಲದ ಕಡೆಯವಳು. ಕಳೆದ ಮಳೆಗಾಲದ ಒಂದು ರಾತ್ರಿ ತಂಗಿಯ ಮಗುವಿಗೆ ಜೋರು ಜ್ವರ ಬಂತು. ವರ್ಷ ತುಂಬಿದ ಮಗು, ಹತ್ತು ಕಿಲೋ ತೂಕ. ಹೊರಗೆ ಒಂದೇ ಸಮನೆ ಮಳೆ. ತಂಗಿ ಊರಿನ ವಾಟ್ಸಾಪ್ ಗುಂಪಿನಲ್ಲಿ ಕೇಳಿದಳು. ಅದರಲ್ಲಿ ನಮ್ಮೂರಿನವರೇ ಒಬ್ಬರು ಡಾಕ್ಟರ್ ಇದ್ದಾರೆ. ತುಂಬಾ ಒಳ್ಳೆಯವರು. ರಾತ್ರಿ ಎರಡು ಗಂಟೆಗೂ ಉತ್ತರ ಕೊಟ್ಟರು: 'ಪ್ಯಾರಾಸಿಟಮಾಲ್ 5 ಎಂಎಲ್, ಆರು ಗಂಟೆಗೊಮ್ಮೆ.'

ಅವರು ಹೇಳಿದ್ದು ಸಿರಪ್‌ನ ಲೆಕ್ಕ. 5 ಎಂಎಲ್‌ನಲ್ಲಿ 125 ಮಿಲಿಗ್ರಾಂ. ನಮ್ಮ ಮನೆಯಲ್ಲಿ ಇದ್ದದ್ದು ಡ್ರಾಪ್ಸ್. ಅದರಲ್ಲಿ ಒಂದೇ ಎಂಎಲ್‌ಗೆ 100 ಮಿಲಿಗ್ರಾಂ. ಬಾಟಲಿಯ ಮೇಲೆ ಇಂಗ್ಲಿಷಿನಲ್ಲಿ ಸಣ್ಣಕ್ಷರ, ಕರೆಂಟು ಬೇರೆ ಇರಲಿಲ್ಲ. ತಂಗಿ ಚಮಚಕ್ಕೆ ಬಗ್ಗಿಸಿ ಐದು ಎಂಎಲ್ ಕುಡಿಸಿದಳು. ದೊಡ್ಡವರು ನುಂಗುವ ಒಂದು ಮಾತ್ರೆಯಷ್ಟು ಔಷಧ!

ಬೆಳಿಗ್ಗೆ ಎರಡನೇ ಸಲ ಬಗ್ಗಿಸುವಾಗ ಆಶಾ ಕಾರ್ಯಕರ್ತೆ ಬಂದರು. ಬಾಟಲಿ ನೋಡಿದವರೇ ಚಮಚ ಕಿತ್ತುಕೊಂಡರು. ನಾಲ್ಕು ಸಲ ಕೊಟ್ಟಿದ್ದರೆ ಒಂದೇ ದಿನಕ್ಕೆ 2000 ಮಿಲಿಗ್ರಾಂ ಹೊಟ್ಟೆಗೆ ಹೋಗುತ್ತಿತ್ತು. ಅಷ್ಟನ್ನು ಆ ಪುಟ್ಟ ಲಿವರ್ ತಡೆದುಕೊಳ್ಳುತ್ತಿತ್ತೋ ಇಲ್ಲವೋ. ಮಗು ಈಗ ಚೆನ್ನಾಗಿದೆ. ತಂಗಿಗೆ ಮಾತ್ರ ಇವತ್ತಿಗೂ ಚಮಚ ಹಿಡಿದರೆ ಕೈ ನಡುಗುತ್ತದೆ.

ಡಾಕ್ಟರ ಮೇಲೆ ನನಗೆ ಸಿಟ್ಟಿಲ್ಲ. ಅವರದೇ ಕ್ಲಿನಿಕ್ಕಿಗೆ ಹೋಗಿದ್ದರೆ ಮಗುವನ್ನು ತೂಗುತ್ತಿದ್ದರು, ಯಾವ ಬಾಟಲಿ ಅಂತ ಕೇಳುತ್ತಿದ್ದರು. ಗುಂಪಿನಲ್ಲಿ ಇದೆಲ್ಲ ಆಗುವುದಿಲ್ಲ. ಒಬ್ಬರಿಗೆ ಬರೆದದ್ದನ್ನು ನೂರು ಜನ ಓದುತ್ತಾರೆ, 'ನಮ್ಮ ಡಾಕ್ಟ್ರೇ ಹೇಳಿದ್ದು' ಅಂತ ಇನ್ನೊಂದು ಗುಂಪಿಗೆ ಕಳಿಸುತ್ತಾರೆ. ಒಬ್ಬರ ಮೈಕೈ ನೋವಿಗೆ ಹೇಳಿದ ಐಬುಪ್ರೊಫೆನ್ ಡೆಂಗಿ ಜ್ವರ ಇದ್ದವರ ಕೈಗೆ ಸಿಕ್ಕಿದರೆ ರಕ್ತಸ್ರಾವದ ಭಯ ಇದೆ. ನಮ್ಮಲ್ಲಿ ಮಳೆಗಾಲ ಅಂದರೆ ಡೆಂಗಿಯ ಕಾಲವೇ ಅಲ್ವಾ?

ದೂರದಿಂದ ಚಿಕಿತ್ಸೆ ಕೊಡುವುದಕ್ಕೆ 2020ರ ಮಾರ್ಚ್‌ನಲ್ಲೇ ಕೇಂದ್ರದ ನಿಯಮ ಬಂದಿದೆ. ರೋಗಿ ಯಾರು, ವಯಸ್ಸೆಷ್ಟು ಅಂತ ತಿಳಿದುಕೊಳ್ಳಬೇಕು, ದಾಖಲೆ ಇಡಬೇಕು, ಚೀಟಿಯಲ್ಲಿ ಡಾಕ್ಟರ ನೋಂದಣಿ ಸಂಖ್ಯೆ ಇರಬೇಕು. ಗುಂಪಿನ ಮೆಸೇಜಿನಲ್ಲಿ ಇದರಲ್ಲಿ ಯಾವುದೂ ಇರುವುದಿಲ್ಲ. ಗುಂಪುಗಳಲ್ಲಿ ಔಷಧದ ಅಳತೆ ಬರೆಯಬೇಡಿ, ನೇರ ಫೋನ್ ಮಾಡಲು ಹೇಳಿ ಅಂತ ಜಿಲ್ಲೆಯ ಡಾಕ್ಟರು, ನರ್ಸು, ಫಾರ್ಮಸಿಸ್ಟರಿಗೆ ನೀವು ಒಂದು ಮಾತು ಹೇಳಬೇಕು.

ಅಷ್ಟಕ್ಕೇ ಬಿಟ್ಟರೆ ಆಗುವುದಿಲ್ಲ. ನಮ್ಮವರು ಸುಮ್ನೆ ಗುಂಪಿನಲ್ಲಿ ಕೇಳುವುದಲ್ಲ. ರಾತ್ರಿ ಹೊತ್ತಿನಲ್ಲಿ ಕಾಸರಗೋಡಿಗೋ ಮಂಗಳೂರಿಗೋ ಮಗುವನ್ನು ಎತ್ತಿಕೊಂಡು ಓಡಬೇಕಾದವರು. ಮಲಯಾಳ ಕೇಳಿದರೆ ಅರ್ಥವಾಗುತ್ತದೆ, ಆದರೆ ಗಾಬರಿಯಲ್ಲಿ ಬಾಯಿಗೆ ಬರುವುದು ಕನ್ನಡ ಇಲ್ಲವೇ ತುಳು. ಕೇರಳದ ಆರೋಗ್ಯ ಸಹಾಯವಾಣಿ 1056ಕ್ಕೆ ಫೋನ್ ಮಾಡಿದರೆ, ಸರ್ಕಾರದ ಆನ್‌ಲೈನ್ ವೈದ್ಯ ಸೇವೆ ಇ-ಸಂಜೀವನಿಯಲ್ಲಿ ಡಾಕ್ಟರನ್ನು ಕೇಳಿದರೆ, ಯಾವ ಹೊತ್ತಿಗೂ ಕನ್ನಡದಲ್ಲಿ ಮಾತಾಡುವವರು ಒಬ್ಬರು ಸಿಗಬೇಕು. ಡ್ರಾಪ್ಸ್‌ಗೂ ಸಿರಪ್‌ಗೂ ಇರುವ ವ್ಯತ್ಯಾಸವನ್ನು ಕನ್ನಡದಲ್ಲಿ, ಚಿತ್ರದ ಜೊತೆ ಅಚ್ಚು ಹಾಕಿ ಆಶಾ ಕಾರ್ಯಕರ್ತೆಯರ ಕೈಗೆ ಕೊಡಿ.

ನಿಮ್ಮ ಉತ್ತರ ಕನ್ನಡದಲ್ಲೇ ಬರಲಿ. ಬಂದ ದಿನವೇ ಅದೇ ಗುಂಪಿಗೆ ಹಾಕುತ್ತೇನೆ.

ಇತಿ,
ಪೆರ್ಲದ ಒಬ್ಬ ದೊಡ್ಡಮ್ಮ