ನಗರದ ಬಾವಿಯಲ್ಲಿ ಸಿಕ್ಕ ರಾಕೆಟ್ಟುಗಳು

ಪುಟ್ಟೀ,

ಮೊನ್ನೆ ಫೋನಿನಲ್ಲಿ ಹೊಸ ಕೆಲಸದ ವಿಷಯ ಹೇಳಿದಾಗ ನಾನು ಸುಮ್ಮನಾಗಿಬಿಟ್ಟೆ. ನಿನಗೆ ಬೇಜಾರಾಗಿರಬೇಕು. ಬೇಡ ಅನ್ನುವ ಮನಸ್ಸಲ್ಲ ಕಣೇ. ಯುದ್ಧದ ಡ್ರೋನಿಗೆ ಗುರಿ ಗುರುತಿಸುವುದನ್ನು ಕಲಿಸುವ ಕೆಲಸ ಅಂದೆಯಲ್ಲ, ಅದಕ್ಕೆ ಏನು ಹೇಳಬೇಕೋ ತಕ್ಷಣ ತೋಚಲಿಲ್ಲ.

ನಮ್ಮ ತೋಟಕ್ಕೂ ಈ ಮಳೆಗಾಲ ಡ್ರೋನ್ ಬಂತು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯಲು ಮರ ಹತ್ತುವವರು ಎರಡು ವಾರ ಕಾದರೂ ಸಿಗಲಿಲ್ಲ. ತೀರ್ಥಹಳ್ಳಿ ಕಡೆಯ ಹುಡುಗನೊಬ್ಬ ಅಂಗಳದಲ್ಲಿ ನಿಂತು ಹಾರಿಸಿದ. ಗೊನೆಗೆ ಎಷ್ಟು ತಾಗಿತೋ ಮಳೆ ಮುಗಿದ ಮೇಲೆ ಗೊತ್ತಾಗಬೇಕು. ಹಾರುತ್ತಿರುವಾಗಲೇ ನಮ್ಮ ಗೌರಿ ಹುಲ್ಲಿನ ಹೊರೆ ಹೊತ್ತು ಕಾಲುಸಂಕ ದಾಟಿ ಸೀದಾ ಅದರ ಕೆಳಗೆ ಬಂದಳು. ಹುಡುಗನ ಹೆಬ್ಬೆರಳು ಚೂರು ಅಲ್ಲಾಡಿತು. ಔಷಧಿ ನಿಂತಿತು. ಅವಳು ಕೊಟ್ಟಿಗೆ ಸೇರುವವರೆಗೂ ಅದು ಸೋಗೆಯ ಮೇಲೆ ಅಲ್ಲೇ ಗುಂಯ್‌ಗುಡುತ್ತಾ ನಿಂತಿತ್ತು.

ಆಯುಧವೇ ಬೇಡ ಅನ್ನುವವಳಲ್ಲ ನಾನು. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದ್ದೇನೆ. 1962ರಲ್ಲಿ ನಮ್ಮ ಹುಡುಗರು ಹಳೆಯ ಥ್ರೀ ನಾಟ್ ಥ್ರೀ ರೈಫಲ್ ಹಿಡಿದು, ಸರಿಯಾದ ಬೆಚ್ಚನೆ ಬಟ್ಟೆಯೂ ಇಲ್ಲದೆ ಹಿಮದ ಗುಡ್ಡ ಕಾದದ್ದನ್ನು ಹೇಳುವಾಗ ಪ್ರತಿ ವರ್ಷವೂ ಗಂಟಲು ಕಟ್ಟುತ್ತಿತ್ತು. ಹಿಂದೆ ಬಿದ್ದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಮುಂದೆ ಹೋದರೆ ಏನಾಗುತ್ತದೆ ಅನ್ನುವುದನ್ನು ಮಾತ್ರ ನಾವು ಪೂರ್ತಿ ಯೋಚಿಸುವುದಿಲ್ಲ.

ಹೊಸನಗರ ತಾಲ್ಲೂಕಿನ ನಗರ ಅನ್ನುವ ಊರಿನ ಬಾವಿ ನೆನಪಿದೆಯಾ? 2018ರಲ್ಲಿ ಅಲ್ಲಿ ಪಾಳುಬಾವಿಯ ಕೆಸರು ತೆಗೆಯುವಾಗ ಸಾವಿರಕ್ಕೂ ಹೆಚ್ಚು ಯುದ್ಧದ ರಾಕೆಟ್ಟುಗಳು ಸಿಕ್ಕಿದವು. ಮಣ್ಣಿಗೆ ಮದ್ದಿನ ವಾಸನೆ ಇತ್ತಂತೆ. ಗೇಣಿಗಿಂತ ಚೂರು ಉದ್ದದ, ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು. ಹೈದರ್, ಟಿಪ್ಪು ಕಾಲದಲ್ಲಿ ಅದೇ ಜಗತ್ತಿನ ಹೊಸ ಆಯುಧ. ಯುರೋಪಿನವರು ಇನ್ನೂ ಕಾಗದದ ಕೊಳವೆಗೆ ಮದ್ದು ತುಂಬುತ್ತಿದ್ದಾಗ ನಮ್ಮ ಕಮ್ಮಾರರು ಕಬ್ಬಿಣಕ್ಕೆ ತುಂಬಿದರು. ಒಳಗಿನ ಒತ್ತಡ ತಡೆಯುತ್ತಿದ್ದುದರಿಂದ ಅವು ಬಹುದೂರ ಹಾರಿದವು. 1780ರಲ್ಲಿ ಪೊಳ್ಳಿಲೂರಿನಲ್ಲಿ ಕಂಪನಿ ಸೈನ್ಯ ನುಚ್ಚುನೂರಾಯಿತು. ಹತ್ತೊಂಬತ್ತು ವರ್ಷದಲ್ಲಿ ಶ್ರೀರಂಗಪಟ್ಟಣವೇ ಬಿತ್ತು. ಸಿಕ್ಕ ರಾಕೆಟ್ಟುಗಳು ಇಂಗ್ಲೆಂಡಿನ ವುಲಿಚ್ ಶಸ್ತ್ರಾಗಾರಕ್ಕೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅನ್ನುವವನು ಅವುಗಳನ್ನು ನೋಡಿ ತನ್ನದೇ ರಾಕೆಟ್ಟುಗಳನ್ನು ಮಾಡಿದ. 1807ರಲ್ಲಿ ಇಂಗ್ಲಿಷರು ಡೆನ್ಮಾರ್ಕಿನ ಕೋಪನ್‌ಹೇಗನ್ ಊರು ಸುಟ್ಟಾಗ ಫಿರಂಗಿ ಗುಂಡುಗಳ ಜೊತೆ ಅವನ್ನೂ ಹಾರಿಸಿದರು. ನಮ್ಮ ಕಮ್ಮಾರರ ಬುದ್ಧಿ, ಯಾರದೋ ಮನೆಗೆ ಬೆಂಕಿ.

ಆಗ ಎದುರಿನವರು ಕಲಿಯಲು ವರ್ಷಗಳೇ ಹಿಡಿದವು. 1998ರಲ್ಲಿ ಪೋಖ್ರಾನ್ ಅಣುಪರೀಕ್ಷೆ ಆದದ್ದು ಮೇ 11ಕ್ಕೆ, ಪಾಕಿಸ್ತಾನದ್ದು ಚಾಗೈಯಲ್ಲಿ ಮೇ 28ಕ್ಕೆ. ಹದಿನೇಳು ದಿನ, ಅಷ್ಟೇ. ನಮ್ಮ ಶಾಲೆಯಲ್ಲಿ ಸಿಹಿ ಹಂಚಿದ್ದರು, ನಾನೂ ತಿಂದಿದ್ದೆ. ಮರುವರ್ಷ ಕಾರ್ಗಿಲ್‌ನಲ್ಲಿ 527 ಯೋಧರು ಹೋದರು. ಅಣುಬಾಂಬು ಆ ಗುಡ್ಡ ಕಾಯಲಿಲ್ಲ.

ನನಗೆ ಇದಕ್ಕಿಂತ ಹೆದರಿಕೆ ಇರುವುದು ಯೋಚಿಸಲು ಸಿಗುವ ಸಮಯದ ಬಗ್ಗೆ. 2022ರ ಮಾರ್ಚ್ 9ರಂದು ನಮ್ಮದೊಂದು ಬ್ರಹ್ಮೋಸ್ ಕ್ಷಿಪಣಿ ಅಕಸ್ಮಾತ್ತಾಗಿ ಹಾರಿ ಪಾಕಿಸ್ತಾನದ ಮಿಯಾನ್ ಚನ್ನು ಹತ್ತಿರ ಬಿತ್ತು. ಪುಣ್ಯಕ್ಕೆ ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ. ನಮ್ಮವರು ತಪ್ಪು ಒಪ್ಪಿಕೊಂಡರು, ಮೂವರು ಅಧಿಕಾರಿಗಳನ್ನು ಮನೆಗೆ ಕಳಿಸಿದರು. ಆದರೆ ಅದು ಹಾರುತ್ತಿದ್ದ ಆ ಕೆಲವು ನಿಮಿಷ ಆಚೆ ಕೂತವರು ಮನುಷ್ಯರು. ನೋಡಿದರು, ತಡೆದುಕೊಂಡರು. ಆ ಜಾಗದಲ್ಲಿ ತಿರುಗೇಟು ಕೊಡಲೆಂದೇ ಕಲಿಸಿಟ್ಟ ಯಂತ್ರ ಕೂತಿದ್ದರೆ? ಎರಡು ರಾತ್ರಿಯಿಂದ ಇದೇ ತಲೆಯಲ್ಲಿ ಕೊರೆಯುತ್ತಿದೆ. 2025ರ ಮೇ ತಿಂಗಳಲ್ಲಿ ಎರಡೂ ಕಡೆಯಿಂದ ಡ್ರೋನ್‌ಗಳು ಹಾರಿದ ಆ ರಾತ್ರಿಗಳಲ್ಲಿ ನಾನು ಟಿವಿ ಮುಂದೆ ಕೂತು ನಿನಗೆ ಎಷ್ಟು ಸಲ ಫೋನ್ ಮಾಡಿದೆ ಅಂತ ನಿನಗೇ ಗೊತ್ತು.

ಇನ್ನೊಂದು ವಿಷಯ, ಇದನ್ನು ಯಾರೂ ದೊಡ್ಡದಾಗಿ ಹೇಳುವುದಿಲ್ಲ. ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲ ಅಂತ 1988ರ ಡಿಸೆಂಬರ್ 31ರಂದು ಎರಡೂ ದೇಶ ಸಹಿ ಹಾಕಿದವು. 1992ರಿಂದ ಪ್ರತಿ ಜನವರಿ 1ಕ್ಕೆ ಸ್ಥಾವರಗಳ ಪಟ್ಟಿ ಬದಲಾಯಿಸಿಕೊಳ್ಳುತ್ತಾರೆ. ಕಾರ್ಗಿಲ್ ಆದ ಮೇಲೂ ಅದು ನಿಲ್ಲಲಿಲ್ಲ. ಅವತ್ತಿನ ಕ್ಷಿಪಣಿಗಳೆಲ್ಲ ಹಳತಾದವು, ಈ ಕಾಗದ ಇನ್ನೂ ನಡೆಯುತ್ತಿದೆ. ನೀನು ಮಾಡುವಂಥ ಡ್ರೋನಿಗೆ ಇಂಥದ್ದೊಂದು ಕಾಗದ ಇನ್ನೂ ಇಲ್ಲ, ಪುಟ್ಟೀ. ನಾವು ನಾಲ್ಕು ಹೆಜ್ಜೆ ಮುಂದಿರುವಾಗಲೇ ಅದನ್ನು ಬರೆಸಬೇಕು. ಎದುರಿನವರ ಹತ್ತಿರವೂ ಬಂದಮೇಲೆ ನಮ್ಮ ಮಾತಿಗೆ ಅಷ್ಟು ತೂಕ ಇರುವುದಿಲ್ಲ. ಹಾಗೆ ಬರೆಸಬೇಕಾದವರಿಗೆ ಒಳಗಿನ ಕೆಲಸ ಗೊತ್ತಿರುವ ನಿನ್ನಂಥವರೇ ಹೇಳಿಕೊಡಬೇಕು.

ಬುಧವಾರದ ಸಂದರ್ಶನಕ್ಕೆ ಧೈರ್ಯವಾಗಿ ಹೋಗು. ಅವರು ನಿನ್ನನ್ನು ಏನೇನೋ ಕೇಳುತ್ತಾರೆ. ನೀನೂ ಒಂದು ಕೇಳು: ಹಾರಿದ ಮೇಲೆ ಕೆಳಗೆ ಗೌರಿಯಂಥವಳು ಅಡ್ಡ ಬಂದರೆ ನಿಲ್ಲಿಸುವವರು ಯಾರು, ಅವರಿಗೆ ಎಷ್ಟು ಸೆಕೆಂಡ್ ಸಿಗುತ್ತದೆ? ಏನಂದರು ಅಂತ ರಾತ್ರಿ ಫೋನ್ ಮಾಡಿ ಹೇಳು. ಎದ್ದೇ ಇರುತ್ತೇನೆ.

ನಿನ್ನ ಅಮ್ಮ