ದುಬೈ ಸಂಬಳದ ಜೊತೆ ಬಾಡಿಗೆಯನ್ನೂ ಲೆಕ್ಕ ಹಾಕಿ

ಮಾನ್ಯ ಸಂಪಾದಕರೇ,

ದುಬೈನಲ್ಲಿ ಆದಾಯ ತೆರಿಗೆ ಇಲ್ಲ, ದುಡಿದದ್ದೆಲ್ಲ ಉಳಿಯುತ್ತದೆ ಎಂದು ನಮ್ಮ ಮಂಗಳೂರು, ಉಡುಪಿ ಕಡೆ ಈಗಲೂ ಬಹಳ ಜನ ನಂಬುತ್ತಾರೆ. ತೆರಿಗೆ ಇಲ್ಲ, ನಿಜ. ಆದರೆ ಬಾಡಿಗೆಯ ವಿಷಯ ಯಾರೂ ಹೇಳುವುದಿಲ್ಲ.

ಇಲ್ಲಿ ದುಬೈನಲ್ಲಿ ಬಾಡಿಗೆ ವರ್ಷದ ಲೆಕ್ಕ. ಮುಂದಿನ ತಾರೀಕಿನ ಚೆಕ್‌ಗಳನ್ನು ಮೊದಲೇ ಬರೆದುಕೊಡಬೇಕು. ವರ್ಷಕ್ಕೆ ನಾಲ್ಕು ಚೆಕ್ ಎಂದರೆ ಪ್ರತಿ ಸಲ ಮೂರು ತಿಂಗಳ ಬಾಡಿಗೆ ಒಮ್ಮೆಗೇ ಹೋಗುತ್ತದೆ. ಜೊತೆಗೆ ಸಾಮಾನ್ಯವಾಗಿ ವರ್ಷದ ಬಾಡಿಗೆಯ ಶೇ 5 ಠೇವಣಿ, ಶೇ 5 ದಲ್ಲಾಳಿ ಕಮಿಷನ್. ಕರೆಂಟು, ನೀರಿನ ಬಿಲ್ಲಿನಲ್ಲಿ ವರ್ಷದ ಬಾಡಿಗೆಯ ಶೇ 5ರಷ್ಟು ಹೌಸಿಂಗ್ ಫೀ ತಿಂಗಳ ಕಂತುಗಳಾಗಿ ಸೇರಿಕೊಂಡು ಬರುತ್ತದೆ. ಸಾಮಾನಿನ ಮೇಲೆ 2018ರಿಂದ ಶೇ 5 ವ್ಯಾಟ್ ಬೇರೆ. ಮನೆ ಹಿಡಿದ ಮೊದಲ ತಿಂಗಳು ನಾನು ಊರಿನಿಂದಲೇ ಸಾಲ ತರಿಸಿದ್ದೆ.

ಬಾಡಿಗೆ ಕಡಿಮೆ ಎಂದು ಪಕ್ಕದ ಶಾರ್ಜಾಕ್ಕೆ ಹೋದರೆ ದಿನವೂ ಟ್ರಾಫಿಕ್. ಕುಟುಂಬವನ್ನು ಕರೆಸಲು ತಿಂಗಳಿಗೆ 4,000 ದಿರ್ಹಾಂ ಸಂಬಳ, ಇಲ್ಲವೇ 3,000 ಮತ್ತು ವಸತಿ ಇರಬೇಕು. ಅಷ್ಟರಲ್ಲಿ ಮಕ್ಕಳ ಶಾಲೆ ಫೀಸು ಕಟ್ಟಲು ಆಗುತ್ತದಾ? ಅದಕ್ಕೇ ಎಷ್ಟೋ ಜನ ದುಬೈನ ಕರಾಮಾದಂಥ ಬಡಾವಣೆಯಲ್ಲಿ ಬೆಡ್ ಸ್ಪೇಸ್ (ಒಂದು ಮಂಚದಷ್ಟು ಜಾಗ) ಬಾಡಿಗೆಗೆ ಹಿಡಿದು, ಒಂದೇ ಕೋಣೆಯಲ್ಲಿ ನಾಲ್ಕೈದು ಮಂದಿ ಇರುತ್ತಾರೆ. ಹೆಂಡತಿ ಮಕ್ಕಳ ಮುಖ ನೋಡುವುದು ರಜೆಗೆ ಹೋದಾಗ ಮಾತ್ರ. ಇದು ನನಗೆ ತುಂಬ ನೋವಿನ ವಿಷಯ.

ಕೆಲಸದ ಆಫರ್ ಬಂದವರು ದಿರ್ಹಾಂ ಅನ್ನು ರೂಪಾಯಿಗೆ ಗುಣಿಸುವ ಮೊದಲು ವಸತಿ, ಕುಟುಂಬದ ಇನ್ಶೂರೆನ್ಸ್, ಊರಿಗೆ ಹೋಗುವ ಟಿಕೆಟ್ ಯಾರ ಖರ್ಚು ಎಂದು ಬರಹದಲ್ಲಿ ಕೇಳಿ. ಮನೆಯವರೂ ದಯವಿಟ್ಟು ಸುಮ್ನೆ ಅವಸರ ಮಾಡಬೇಡಿ.

– ಕರಾವಳಿಯ ಓದುಗ, ದುಬೈ